ಪಿಎಚ್‌ಪಿ ಪ್ರಿಪೇರ್ಡ್ ಸ್ಟೇಟ್‌ಮೆಂಟ್: ಎಕ್ಸಿಕ್ಯೂಟ್ ಏನೋ ಆಯ್ತು, ಡೇಟಾ ಎಲ್ಲಿ?

ಮಂಗಳೂರು ಕಡೆ ಡಿ'ಸೋಜಾ ಅನ್ನೋ ಹೆಸರಿನೋರು ಬೀದಿಗೊಬ್ಬರು ಸಿಗ್ತಾರೆ. ಹೆಸರಿನ ಮಧ್ಯ ಒಂದು ಸಿಂಗಲ್ ಕೋಟ್ ಇದ್ಯಲ್ಲ, ಸರ್ಚ್ ಬಾಕ್ಸಲ್ಲಿ ಟೈಪ್ ಮಾಡಿದ್ದನ್ನ ಹಾಗೇ ಕ್ವೆರಿಗೆ (ಡೇಟಾಬೇಸಿಗೆ ಕಳಿಸೋ ಆದೇಶ) ಅಂಟಿಸಿದ್ರೆ ಹೆಸರು ಅಲ್ಲಿಗೇ ಮುಗೀತು ಅಂದ್ಕೊಂಡು ಡೇಟಾಬೇಸ್ ಸಿಂಟ್ಯಾಕ್ಸ್ ಎರರ್ ಕೊಡುತ್ತೆ. ಅದು ಬಿಡಿ, ಬೇಕಂತಲೇ ಕೋಟ್ ಹಾಕಿ ಹಿಂದೆ 'ಆರ್ 1=1' (ಅಂದ್ರೆ ಯಾವಾಗ್ಲೂ ನಿಜ ಆಗೋ ಷರತ್ತು) ಬರೆದು ಉಳಿದದ್ದನ್ನ ಕಾಮೆಂಟ್ ಮಾಡೋ ಕಿಲಾಡಿ ಬಂದ್ರೆ ಟೇಬಲ್ ಪೂರ್ತಿ ಅವನ ಕೈಲಿ.

ಪ್ರಿಪೇರ್ಡ್ ಸ್ಟೇಟ್‌ಮೆಂಟಲ್ಲಿ ಕ್ವೆರಿ ಬೇರೆ, ವ್ಯಾಲ್ಯೂ ಬೇರೆಯಾಗಿ ಹೋಗುತ್ತೆ, ಹಂಗಾಗಿ ಒಳಗೆ ಕೋಟ್ ಇದ್ರೂ ಅದು ಬರೀ ಡೇಟಾ ಅಷ್ಟೇ. ಇಲ್ಲಿ ಮೈಎಸ್‌ಕ್ಯುಎಲ್‌ಐ (ಪಿಎಚ್‌ಪಿಯಿಂದ ಮೈಎಸ್‌ಕ್ಯುಎಲ್ ಡೇಟಾಬೇಸ್ ಜೊತೆ ಮಾತಾಡೋ ಎಕ್ಸ್‌ಟೆನ್ಷನ್) ಹಿಡ್ಕೊಂಡು ಹೇಳ್ತೀನಿ.

ಕನೆಕ್ಟ್ ಆದ ತಕ್ಷಣ ಸೆಟ್ ಚಾರ್‌ಸೆಟ್‌ಗೆ ಯುಟಿಎಫ್8ಎಂಬಿ4 (ಅಕ್ಷರಗಳನ್ನ ಬೈಟಾಗಿ ಬರೆಯೋ ಕ್ರಮ) ಕೊಡಿ. ಕನ್ನಡ ಹಳೇ ಯುಟಿಎಫ್8ನಲ್ಲೂ ಹಿಡಿಯುತ್ತೆ, ಆದ್ರೆ ಇಮೋಜಿಗೆ 4 ಬೈಟ್ ಬೇಕು.

ಆಮೇಲೆ ಪ್ರಿಪೇರ್. ವ್ಯಾಲ್ಯೂ ಬರೋ ಕಡೆ ? ಹಾಕಿ, ಅದರ ಸುತ್ತ ಕೋಟ್ ಮಾತ್ರ ಬೇಡ, ಹಾಕಿದ್ರೆ ಅದು ಬರೀ ಪ್ರಶ್ನೆ ಚಿಹ್ನೆ ಅಷ್ಟೇ, ಬೈಂಡ್ ಮಾಡೋವಾಗ (? ಜಾಗಕ್ಕೆ ವ್ಯಾಲ್ಯೂ ಜೋಡಿಸೋವಾಗ) ಲೆಕ್ಕ ತಪ್ಪಿದೆ ಅಂತ ಬೈಯುತ್ತೆ. ಲೈಕ್ ಹಾಕಿ (ಪದದ ಒಂದು ತುಂಡು ಕೊಟ್ಟು) ಹುಡುಕೋದಾದ್ರೆ ಪರ್ಸೆಂಟ್ ಚಿಹ್ನೆನ ವ್ಯಾಲ್ಯೂ ಜೊತೆಗೇ ಸೇರಿಸಿ. ಟೇಬಲ್ ಹೆಸರು, ಕಾಲಮ್ ಹೆಸರಿಗೆಲ್ಲ ? ನಡೆಯಲ್ಲ. ಆರ್ಡರ್ ಬೈ ಮುಂದೆ ಹಾಕಿದ್ರಂತೂ ಎರರೂ ಇಲ್ಲ, ಸಾರ್ಟೂ ಇಲ್ಲ, ಎಲ್ಲಿ ತಪ್ಪಾಗಿದೆ ಅಂತ ಗೊತ್ತೇ ಆಗಲ್ಲ. ಅಲ್ಲಿ ಯಾವ ಯಾವ ಕಾಲಮ್ ಬರಬಹುದು ಅಂತ ಒಂದು ಅರೇ ಇಟ್ಕೊಂಡು ಚೆಕ್ ಮಾಡೋದೇ ದಾರಿ.

ಮುಂದಿನದು ಬೈಂಡ್ ಪ್ಯಾರಮ್. ಸ್ಟ್ರಿಂಗಿಗೆ ಎಸ್, ಪೂರ್ಣಾಂಕಕ್ಕೆ ಐ, ದಶಾಂಶಕ್ಕೆ ಡಿ. ವೇರಿಯೇಬಲ್ಲೇ ಕೊಡಬೇಕು, ನೇರವಾಗಿ 5 ಅಂತ ಬರೆದ್ರೆ ಒಪ್ಪಲ್ಲ. ಪಿಎಚ್‌ಪಿ 8.1 ಇದ್ರೆ ಇದೆಲ್ಲ ತಲೆಬಿಸಿ ಬೇಡ, ಎಕ್ಸಿಕ್ಯೂಟ್‌ಗೇ ಅರೇ ಕೊಟ್ಬಿಡಿ.

ಈಗ ಎಲ್ರೂ ಎಡವೋ ಜಾಗ. ಎಕ್ಸಿಕ್ಯೂಟ್ ವಾಪಸ್ ಕೊಡೋದು ಟ್ರೂ ಇಲ್ಲಾ ಫಾಲ್ಸ್ ಮಾತ್ರ, ಸಾಲುಗಳನ್ನಲ್ಲ, ಅದನ್ನೇ ಲೂಪಿಗೆ ಹಾಕಿ ಏನೂ ಬರ್ತಿಲ್ಲ ಅಂತ ಒದ್ದಾಡೋರು ಬೇಕಾದಷ್ಟು ಜನ. ಗೆಟ್ ರಿಸಲ್ಟ್ ಕರೀರಿ, ಬಂದಿದ್ದನ್ನ ಒಂದು ವೇರಿಯೇಬಲ್ಲಲ್ಲಿ ಇಟ್ಕೊಂಡು ವೈಲ್ ಲೂಪ್ ಒಳಗೆ ಫೆಚ್ ಅಸೋಕ್ ಮಾಡಿ, ಕಾಲಮ್ ಹೆಸರಿನ ಸಮೇತ ಒಂದೊಂದೇ ಸಾಲು ಬರುತ್ತೆ. ಐಡಿ ಕೊಟ್ಟು ಒಂದೇ ಸಾಲು ತೆಗೆಯೋದಾದ್ರೆ ವೈಲ್ ಯಾಕೆ, ಒಂದ್ಸಲ ಫೆಚ್ ಮಾಡಿ, ನಲ್ ಬಂದ್ರೆ ಅಂಥ ಸಾಲೇ ಇಲ್ಲ ಅಂತ ಅರ್ಥ.

ಬೈಂಡ್ ರಿಸಲ್ಟ್ ಅನ್ನೋ ಹಳೇ ದಾರಿನೂ ಇದೆ, ನನಗಂತೂ ಇಷ್ಟ ಇಲ್ಲ. ಎಷ್ಟು ಕಾಲಮ್ಮೋ ಅಷ್ಟು ವೇರಿಯೇಬಲ್ ಬರೀಬೇಕು, ಸ್ಟೋರ್ ರಿಸಲ್ಟ್ ಮಾಡದೇ ನಂಬರ್ ಆಫ್ ರೋಸ್ ಕೇಳಿದ್ರೆ ಸೊನ್ನೆ ತೋರಿಸುತ್ತೆ, ಎಲ್ಲ ಸಾಲು ಓದಿ ಮುಗಿಸೋ ಮೊದಲು ಅದೇ ಕನೆಕ್ಷನ್ನಲ್ಲಿ ಇನ್ನೊಂದು ಕ್ವೆರಿ ಹಾಕಿದ್ರೆ 'ಕಮಾಂಡ್ಸ್ ಔಟ್ ಆಫ್ ಸಿಂಕ್' ಅನ್ನುತ್ತೆ. ಮೊದಲೆಲ್ಲ ಮೈಎಸ್‌ಕ್ಯುಎಲ್‌ಎನ್‌ಡಿ ಡ್ರೈವರ್ ಇಲ್ಲದ ಹೋಸ್ಟಿಂಗಲ್ಲಿ ಗೆಟ್ ರಿಸಲ್ಟ್ ಸಿಗ್ತಾ ಇರ್ಲಿಲ್ಲ, ವಿಧಿ ಇಲ್ದೇ ಇದನ್ನೇ ಬಳಸ್ತಿದ್ರು. ಪಿಎಚ್‌ಪಿ 8.2ರಿಂದ ಆ ಡ್ರೈವರ್ ಇಲ್ದೇ ಮೈಎಸ್‌ಕ್ಯುಎಲ್‌ಐ ಇಲ್ಲವೇ ಇಲ್ಲ.

ಹಳೇ ಕೋಡನ್ನ ಬದಲಾಯಿಸ್ತಾ ಇರೋರು ಒಂದು ನೋಡ್ಕೊಳ್ಳಿ. ಸಾದಾ ಕ್ವೆರಿಲಿ ಪೂರ್ಣಾಂಕ ಕೂಡ ಸ್ಟ್ರಿಂಗಾಗಿ ಬರ್ತಿತ್ತು, ಪ್ರಿಪೇರ್ಡಲ್ಲಿ ಇಂಟೀಜರಾಗೇ ಬರುತ್ತೆ, ಹಂಗಾಗಿ ಮೂರು ಈಕ್ವಲ್ (===, ಟೈಪೂ ಒಂದೇ ಇರಬೇಕು) ಹಾಕಿ '5' ಜೊತೆ ಹೋಲಿಸಿರೋ ಇಫ್ ಎಲ್ಲ ಒಂದ್ಸಲ ಹುಡುಕಿ ಸರಿ ಮಾಡಿ.