ಬೇಸ್ ಅಡುಗೆಮನೆಯಲ್ಲಿ ಸಿಕ್ಕಿತು

ನನ್ನ ಸ್ಪೀಕರುಗಳಲ್ಲಿ ಮೃದಂಗದ ಬಲಗೈ ಕೇಳುತ್ತಿತ್ತು, ಎಡಗೈ ಕೇಳುತ್ತಿರಲಿಲ್ಲ. ನನಗೆ ಮೊದಲು ಅನುಮಾನ ಬಂದದ್ದೇ ಅಲ್ಲಿ. ಮೈಸೂರಿನ ವಿ.ವಿ. ಮೊಹಲ್ಲಾದ 8ನೇ ಕ್ರಾಸ್ ಗಣೇಶೋತ್ಸವದ ಕಚೇರಿಗಳನ್ನು ಕೇಳಿಕೊಂಡು ಬೆಳೆದವನು ನಾನು. ಎಡಮುಖಕ್ಕೆ ರವೆ ಮೆತ್ತಿ, ಅಂಗೈ ಒತ್ತಿ ಗುಂಕಿ ಕೊಟ್ಟರೆ ಎದೆಯೊಳಗೆ ಏನೋ ಉರುಳಿದ ಹಾಗಾಗುತ್ತದಲ್ಲ, ಅದೇ ಇಲ್ಲ. ಹಾಡುವವರು ಎದುರಿಗೇ ಕೂತ ಹಾಗಿದ್ದಾರೆ. ಪಿಟೀಲಿನ ಕಮಾನು ತಂತಿಗೆ ತಾಗುವುದೂ ಕೇಳುತ್ತದೆ. ಕೆಳಗಡೆ, ಬೇಸ್ ಅನ್ನುವ ತಗ್ಗು ಸ್ವರಗಳ ಕಡೆ, ಮಾತ್ರ ಖಾಲಿ.

ಅಮೆರಿಕದ ಪಾಲ್ ಕ್ಲಿಪ್ಶ್ 1940ರ ದಶಕದಲ್ಲಿ ಮಾಡಿದ ಮೂಲೆ ಹಾರ್ನ್, ಅಂದರೆ ಕೋಣೆಯ ಮೂಲೆಯಲ್ಲಿಡುವ ಕಹಳೆ ಸ್ಪೀಕರ್, ಇದೆಯಲ್ಲ, ಅದೇ ಜಾತಿಯ ಜೋಡಿ ನನ್ನದು. ಲಕ್ಷ್ಮೀಪುರಂನ ನಮ್ಮ ಹಳೇ ಮನೆಯ ಹಾಲ್‌ಗೆ ಅಂತಲೇ ಆಚಾರ್ರ ಹತ್ತಿರ ಪ್ಲೈವುಡ್‌ನಲ್ಲಿ ಕಟ್ಟಿಸಿದ್ದು. ಒಳಗೆ ಬೇಸ್ ಹೊರಡಿಸುವ 15 ಇಂಚಿನ ವೂಫರ್. ಅದರ ಮುಂದೆ ಮಡಿಸಿ ಮಡಿಸಿ ಸೇರಿಸಿದ ಕಹಳೆ. ಆ ಕಹಳೆಯ ಕೊನೆಯ ತುಂಡು ಪೆಟ್ಟಿಗೆಯಲ್ಲಿ ಇಲ್ಲವೇ ಇಲ್ಲ, ಅದು ಮನೆಯ ಗೋಡೆ.

ಯಾಕೆ ಹೀಗೆ ಅಂದರೆ, 40 ಹರ್ಟ್ಸ್, ಅಂದರೆ ಸೆಕೆಂಡಿಗೆ 40 ಸಲ ಅದುರುವ ಸ್ವರದ ಒಂದು ಅಲೆ ಸುಮಾರು 28 ಅಡಿ ಉದ್ದ. ಅದನ್ನು ಬಯಲಲ್ಲಿ ಸರಿಯಾಗಿ ಊದಬೇಕಾದರೆ ಕಹಳೆಯ ಬಾಯಿಯ ಸುತ್ತಳತೆಯೂ ಸುಮಾರು ಅಷ್ಟಿರಬೇಕು. ಅಂದರೆ 9 ಅಡಿ ಅಗಲದ ಬಾಯಿ! ಊರಹಬ್ಬದ ಮೈಕ್ ಸೆಟ್ ಕಹಳೆ ಎಷ್ಟೇ ಕಿರುಚಿದರೂ ಅದರಲ್ಲಿ ಬೇಸ್ ಇರದಿರುವುದು ಇದೇ ಕಾರಣಕ್ಕೆ. ಆದರೆ ಎರಡು ಗೋಡೆ, ಒಂದು ನೆಲ ಸೇರುವ ಮೂಲೆಯಲ್ಲಿಟ್ಟರೆ ಎಂಟನೇ ಒಂದು ಭಾಗ ಬಾಯಿ ಸಾಕು. 64 ಚದರಡಿ ಇದ್ದದ್ದು 8 ಚದರಡಿಗೆ ಇಳಿಯುತ್ತದೆ. ಮಿಕ್ಕ ಕೆಲಸ ಗೋಡೆಯದು. ಈ ಲೆಕ್ಕ ನನಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಗೋಡೆ ಕಡೆ ನೋಡಲಿಲ್ಲ.

ನೋಡಿದ್ದು ಸ್ಪೀಕರಿಗೆ ಶಕ್ತಿ ಕೊಡುವ ಆಂಪ್ ಕಡೆ. 10 ವ್ಯಾಟ್‌ನ ವಾಲ್ವ್ ಆಂಪ್‌ಗೆ ದಮ್ಮಿಲ್ಲ ಅಂದುಕೊಂಡು ಸ್ನೇಹಿತರ ಮನೆಯಿಂದ ದೊಡ್ಡದೊಂದನ್ನು ಹೊತ್ತು ತಂದೆ. ಏನೂ ಬದಲಾಗಲಿಲ್ಲ. ಬದಲಾಗುವ ಹಾಗೂ ಇರಲಿಲ್ಲ. ಇಂಥ ಹಾರ್ನ್ 1 ವ್ಯಾಟ್‌ಗೇ ಒಂದು ಮೀಟರ್ ದೂರದಲ್ಲಿ 100 ಡೆಸಿಬೆಲ್ ದಾಟುತ್ತದೆ, ಕಿವಿ ಮುಚ್ಚಿಕೊಳ್ಳುವಷ್ಟು ಸದ್ದು. ಆಮೇಲೆ ಬೇಸ್ ನಾಬ್ ಪೂರ್ತಿ ತಿರುಗಿಸಿದೆ. ಅದು ಇನ್ನೂ ದೊಡ್ಡ ತಪ್ಪು. ಹಾರ್ನ್ ಯಾವ ಸ್ವರಕ್ಕಿಂತ ಕೆಳಗೆ ಕೆಲಸ ಮಾಡುವುದಿಲ್ಲವೋ, ಅಲ್ಲಿಂದಾಚೆ ವೂಫರಿನಲ್ಲಿ ಗಾಳಿ ತಳ್ಳುವ ಕೋನ್‌ಗೆ ಎದುರು ಭಾರವೇ ಇರುವುದಿಲ್ಲ. ಸುಮ್ನೆ ಹಿಂದೆ ಮುಂದೆ ಒದ್ದಾಡುತ್ತದೆ. ಸದ್ದು ಬರುವುದಿಲ್ಲ, ವೂಫರ್ ಹಾಳಾಗುತ್ತದೆ ಅಷ್ಟೇ.

ಮುಂದಿನ ಭಾನುವಾರ ಪಕ್ಕದ ಮುಚ್ಚಳ ಬಿಚ್ಚಿದೆ. ರಿಮೋಟ್‌ಗೆ ಹಾಕುವ 1.5 ವೋಲ್ಟ್ ಸೆಲ್ ತಗೊಂಡು, ಆಂಪ್‌ನಿಂದ ಬಿಚ್ಚಿದ ವೈರಿನ ತುದಿಗೆ ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ಮುಟ್ಟಿಸಿದೆ. ವೂಫರನ್ನು ಹಿಂದಿನಿಂದ ನೋಡುತ್ತಿರುವುದರಿಂದ ಕೋನ್ ನಮ್ಮಿಂದ ದೂರ ಸರಿಯಬೇಕು. ಎಡಗಡೆಯದು ಸರಿಯಿತು. ಬಲಗಡೆಯದು ನನ್ನ ಕಡೆಗೇ ಬಂತು. ಮೊದಲ ದಿನ ವೈರ್ ಸಿಕ್ಕಿಸಿದ್ದು ನಾನೇ, ಇನ್ನೊಬ್ಬರನ್ನು ಬೈಯುವ ಹಾಗಿಲ್ಲ. ಒಂದು ತಳ್ಳುವಾಗ ಇನ್ನೊಂದು ಎಳೆಯುತ್ತಿದ್ದರೆ ಕೆಳಗಿನ ಸ್ವರಗಳು ಹಾಲ್ ನಡುವೆ ಒಂದನ್ನೊಂದು ತಿಂದುಹಾಕುತ್ತವೆ. ವೈರ್ ತಿರುಗಿಸಿ ಹಾಕಿದೆ. ಸ್ವಲ್ಪ ಜೀವ ಬಂತು. ಸ್ವಲ್ಪವೇ.

ಮುಚ್ಚಳ ಹಾಕುವಾಗ ಅದರ ಅಂಚಿನ ಫೋಮ್ ಪಟ್ಟಿ ಕೈಗೆ ಪುಡಿಪುಡಿಯಾಗಿ ಬಂತು. ವೂಫರ್ ಹಿಂದಿನ ಗೂಡು ಗಾಳಿಯಾಡದ ಹಾಗೆ ಮುಚ್ಚಿರಬೇಕು. ಮುಂದೆ ಕಹಳೆಯೊಳಗಿನ ಗಾಳಿಯ ಭಾರ, ಹಿಂದೆ ಮುಚ್ಚಿದ ಗಾಳಿಯ ಸ್ಪ್ರಿಂಗ್, ಎರಡೂ ಸರಿದೂಗಬೇಕು. ಸೋರಿದರೆ ಸ್ಪ್ರಿಂಗ್ ಎಲ್ಲಿಂದ ಬರಬೇಕು? ಎಲ್ಲೆಲ್ಲಿ ಸೋರುತ್ತಿದೆ ಅಂತ ನೋಡಲು ಫ್ಯಾನ್ ಆಫ್ ಮಾಡಿ, ದೇವರಮನೆಯಿಂದ ಒಂದು ಊದುಬತ್ತಿ ತಂದೆ. ಮೊಬೈಲಿನಿಂದ 40 ಹರ್ಟ್ಸ್ ಸ್ವರ ಹಾಕಿ, ಕಡ್ಡಿಯನ್ನು ಪೆಟ್ಟಿಗೆಯ ಸಂದುಗಳ ಉದ್ದಕ್ಕೂ ನಿಧಾನವಾಗಿ ಆಡಿಸಿದೆ. ಹೊಗೆ ದಾರದ ಹಾಗೆ ನೆಟ್ಟಗೆ ಏಳುತ್ತಿತ್ತು. ಮುಚ್ಚಳದ ಕೆಳಗಿನ ಬಲಮೂಲೆಗೆ ಬಂದಾಗ ಮಾತ್ರ ದಾರ ಹರಿದು ಚೂರುಚೂರಾಯಿತು. ಕೆನ್ನೆ ಹಿಡಿದರೆ ಗಾಳಿ ತಾಗುತ್ತಿತ್ತು. ವೂಫರ್ ವೈರ್ ಹೊರಗೆ ಬರುವ ತೂತಿನಲ್ಲೂ ಇದೇ ಕಥೆ. ಹಳೇ ಸೈಕಲ್ ಟ್ಯೂಬ್ ಸೀಳಿ ಮುಚ್ಚಳದ ಸುತ್ತ ಅಂಟಿಸಿದೆ, ತೂತಿಗೆ ಸಿಲಿಕೋನ್ ತುಂಬಿದೆ. ಗುಂಕಿ ಅರ್ಧ ಬಂತು. ಆದರೆ ಎಡಗಡೆಯ ಸ್ಪೀಕರಿನಲ್ಲಿ ಮಾತ್ರ. ಬಲಗಡೆಯದು ಇನ್ನೂ ಬಡಕಲು.

ಅವತ್ತು ಸಂಜೆ ಅದೇ 40 ಹರ್ಟ್ಸ್ ಸ್ವರವನ್ನು ಬಲಗಡೆಗೆ ಮಾತ್ರ ಹಾಕಿ, ಹಾಲ್‌ನ ಉಯ್ಯಾಲೆ ಮೇಲೆ ತಲೆಮೇಲೆ ಕೈಹೊತ್ತು ಕೂತಿದ್ದೆ. ಒಳಗಿನಿಂದ ನನ್ನವಳು ಕೂಗಿದಳು. "ರೀ, ಅದನ್ನ ಸ್ವಲ್ಪ ನಿಲ್ಲಿಸ್ತೀರಾ? ಸ್ಟ್ಯಾಂಡಿನಲ್ಲಿರೋ ತಟ್ಟೆಗಳೆಲ್ಲ ಗಡಗಡ ಅಂತಿವೆ."

ಎದ್ದು ಹೋದೆ. ಅಡುಗೆಮನೆ ತುಂಬ ಬೇಸ್! ನಾನು ತಿಂಗಳಿಂದ ಹುಡುಕುತ್ತಿದ್ದದ್ದು ಒಗ್ಗರಣೆ ವಾಸನೆಯ ನಡುವೆ ಆರಾಮಾಗಿ ಇತ್ತು. ಬಲ ಮೂಲೆಯಿಂದ ಎರಡೇ ಅಡಿಗೆ ಅಡುಗೆಮನೆ ಬಾಗಿಲು. ಕಹಳೆಯ ಬಾಯಿ ಆಗಬೇಕಿದ್ದ ಗೋಡೆ ಅಲ್ಲಿಗೇ ಮುಗಿಯುತ್ತಿತ್ತು, ಸದ್ದು ಸೀದಾ ಆಚೆಗೆ ನಡೆಯುತ್ತಿತ್ತು. ಬಾಗಿಲು ಹಾಕಿ ಬಂದು ಕೇಳಿದೆ. ಬಲಗಡೆಯೂ ತುಂಬಿಕೊಂಡಿತು. ತೇಗದ ಬಾಗಿಲು, ಗೋಡೆಗೇನೂ ಕಡಿಮೆ ಇಲ್ಲ. ಚಿಲಕ ಮಾತ್ರ ಅದುರುತ್ತಿತ್ತು, ಬಟ್ಟೆ ಸುತ್ತಿದೆ.

ಆಚಾರ್ರನ್ನು ಕರೆಸಿ ಮೂಲೆ ತೋರಿಸಿದೆ. ಅವರು ದಾರ ಹಿಡಿದು ಒಂದು ಗೋಡೆಗೆ 3 ಅಡಿ, ಇನ್ನೊಂದಕ್ಕೆ 4 ಅಡಿ ಗುರುತು ಹಾಕಿ ಕರ್ಣ ಅಳೆದರು. 5 ಅಡಿ ಬರಬೇಕಿತ್ತು, ಒಂದೂವರೆ ಇಂಚು ಜಾಸ್ತಿ ಬಂತು. "ಸಾರ್, ನಿಮ್ ಗೋಡೇನೇ ಸರಿ ಇಲ್ಲ, ನನ್ ಪೆಟ್ಟಿಗೆ ಏನ್ ಮಾಡುತ್ತೆ?" ಗಾರೆ ಗೋಡೆ, ಯಾವ ಮೂಲೆಯೂ ನೆಟ್ಟಗಿಲ್ಲ. ಜೊತೆಗೆ ನೆಲದಂಚಿನ ಪಟ್ಟಿ ಪೆಟ್ಟಿಗೆಯನ್ನು ಗೋಡೆಯಿಂದ ಅರ್ಧ ಇಂಚು ದೂರ ತಳ್ಳಿತ್ತು. ಪೆಟ್ಟಿಗೆಯ ಹಿಂದಿನ ಅಂಚಿಗೆ ದಪ್ಪ ಫೋಮ್ ಪಟ್ಟಿ ಅಂಟಿಸಿ ಗೋಡೆಗೆ ಒತ್ತಿ ನಿಲ್ಲಿಸಿದೆವು. ನೆಲದಂಚಿನ ಪಟ್ಟಿ ಅಡ್ಡ ಬರುವ ಕಡೆ ಅವರು ಉಳಿಯಿಂದ ಪೆಟ್ಟಿಗೆಯನ್ನೇ ಕಚ್ಚು ಹೊಡೆದರು.

ಇಷ್ಟಾದ ಮೇಲೂ ಬೇಸ್ ಗಿಟಾರಿನ ತೀರಾ ಕೆಳಗಿನ ಸ್ವರ, 41 ಹರ್ಟ್ಸ್‌ನದು, ಬಂದೂ ಬಾರದ ಹಾಗಿತ್ತು. ಅದರ ಗುಟ್ಟು ಬಯಲಾಗಿದ್ದು ಉಯ್ಯಾಲೆಯಿಂದ. ಸುಮ್ನೆ ಕಾಲು ಒದ್ದು ತೂಗುತ್ತಿದ್ದೆ. ಮುಂದೆ ಹೋದಾಗ ಗುಂ ಅನ್ನುತ್ತದೆ, ನಡುವೆ ಮಾಯ, ಹಿಂದೆ ಹೋದಾಗ ಮತ್ತೆ ಗುಂ. ನಿಲ್ಲಿಸಿದರೆ ಏನೂ ಇಲ್ಲ. ಸ್ಪೀಕರ್ ಗೋಡೆಯಿಂದ ಎದುರು ಗೋಡೆಗೆ 14 ಅಡಿ. 28 ಅಡಿ ಅಲೆ ಅದರಲ್ಲಿ ಸರಿಯಾಗಿ ಅರ್ಧ ಕೂರುತ್ತದೆ. ಆಗ ಎರಡೂ ಗೋಡೆಗಳ ಹತ್ತಿರ ಒತ್ತಡ ಜಾಸ್ತಿ, ಸರಿ ನಡುವೆ ಸೊನ್ನೆ. ನಮ್ಮ ತಾತ ಉಯ್ಯಾಲೆಯ ಕೊಂಡಿ ಹೊಡೆಸಿದ್ದು ನಡುವಿನ ತೊಲೆಗೆ, ಅಂದರೆ ಸರಿಯಾಗಿ ಆ ಸೊನ್ನೆಯ ಮೇಲೆ. ಪಾಪ, ಅವರಿಗೇನು ಗೊತ್ತು.

ಕೊಂಡಿ ಕೀಳುವ ಮನಸ್ಸಾಗಲಿಲ್ಲ. ಬೆತ್ತದ ಕುರ್ಚಿಯೊಂದನ್ನು ಹಿಂದಿನ ಗೋಡೆಗೆ ಎರಡು ಅಡಿ ಬಿಟ್ಟು ಹಾಕಿಕೊಂಡೆ. ತೀರಾ ಗೋಡೆಗೇ ಅಂಟಿಸಿದರೆ ಬೇಸ್ ಊದಿಕೊಳ್ಳುತ್ತದೆ, ಒಂದೊಂದು ಅಂಗುಲ ಸರಿಸಿ ನೋಡಬೇಕು. ರಾತ್ರಿ ತೀರಾ ಸಣ್ಣಗೆ ಕೇಳುವಾಗ ಈಗಲೂ ಬೇಸ್ ಕಡಿಮೆ ಅನ್ನಿಸುತ್ತದೆ. ಅದು ಕಿವಿಯ ಸ್ವಭಾವ, ಸಣ್ಣ ಸದ್ದಿನಲ್ಲಿ ಕೆಳಗಿನ ಸ್ವರ ಅದಕ್ಕೆ ಸರಿಯಾಗಿ ಹತ್ತುವುದಿಲ್ಲ. ಆಗ ಮಾತ್ರ ಬೇಸ್ ನಾಬ್ ಸ್ವಲ್ಪ ತಿರುಗಿಸುತ್ತೇನೆ.

ಈಗ ಅಡುಗೆ ಮುಗಿದ ಮೇಲೆ, ಒಂಬತ್ತರ ಸುಮಾರಿಗೆ ಬಾಗಿಲು ಹಾಕಿ ಕೇಳುವುದು. ನಾನು ಕುರ್ಚಿಯಲ್ಲಿ, ಅವಳು ಉಯ್ಯಾಲೆಯಲ್ಲಿ. "ಇಲ್ಲಿ ಕೂತ್ರೆ ಹಾಡು ಮಾತ್ರ ಕೇಳುತ್ತೆ ಕಣ್ರೀ, ನಿಮ್ಮ ಆ ಗುಂಯ್ ಕೇಳಲ್ಲ," ಅನ್ನುತ್ತಾಳೆ.