ಕ್ಯಾನ್ಸರ್ ಬರುವ ಮುನ್ನವೇ ಶಸ್ತ್ರಚಿಕಿತ್ಸೆ: ಬ್ರಿಟನ್ನಿನಲ್ಲಿರುವ ಕನ್ನಡಿಗರಿಗೆ ಎನ್‌ಎಚ್‌ಎಸ್ ದಾರಿ

ಬ್ರಿಟನ್ನಿನ ವೈದ್ಯರು ‘ಆಪರೇಷನ್ ಮಾಡಿಸಿಕೊಳ್ಳಿ’ ಎನ್ನುವುದಿಲ್ಲ, ‘ಬೇಡ’ ಎಂದೂ ಹೇಳುವುದಿಲ್ಲ. ತಾಯಿಗೋ ಅಕ್ಕನಿಗೋ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಆಗಿ, ತಮಗೂ ಬಂದೀತೇ ಎಂಬ ಅಳುಕಿನಿಂದ ಎನ್‌ಎಚ್‌ಎಸ್‌ಗೆ (ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ) ಹೋಗುವ ನಮ್ಮವರು ಮೊದಲು ತಬ್ಬಿಬ್ಬಾಗುವುದು ಇಲ್ಲಿಯೇ. ಊರಿನಲ್ಲಿ ದೊಡ್ಡ ಡಾಕ್ಟರು ಫೈಲು ನೋಡಿ ಒಂದು ಮಾತು ಹೇಳುತ್ತಾರೆ, ಮನೆಯವರೆಲ್ಲ ತಲೆಯಾಡಿಸುತ್ತಾರೆ. ಇಲ್ಲಿಯವರು ಅಂಕಿಗಳನ್ನು ವಿವರಿಸಿ, ಕಾಗದದ ಮೇಲೆ ಚಿತ್ರ ಬರೆದು ತೋರಿಸಿ, ಕೊನೆಗೆ ‘ನಿಮಗೆ ಏನನ್ನಿಸುತ್ತದೆ?’ ಎಂದು ನಿಮ್ಮನ್ನೇ ಕೇಳುತ್ತಾರೆ. ಇದನ್ನು ಉದಾಸೀನ ಎಂದುಕೊಳ್ಳಬೇಡಿ. ರೋಗಿಗೆ ಮುಖ್ಯವೆನಿಸಬಹುದಾದ ಅಪಾಯಗಳನ್ನೂ ಬೇರೆ ದಾರಿಗಳನ್ನೂ ವೈದ್ಯರು ತಿಳಿಸಲೇಬೇಕು ಎಂದು 2015ರ ಮಾಂಟ್‌ಗೊಮೆರಿ ಪ್ರಕರಣದಲ್ಲಿ ಇಲ್ಲಿನ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ನಿರ್ಧಾರ ನಮ್ಮದೇ ಎಂದಮೇಲೆ ಆ ಭೇಟಿಗೆ ತಯಾರಾಗಿ ಹೋಗುವುದು ಒಳ್ಳೆಯದು. ಮುಂದೆ ಹೇಳುವುದು ಹೆಚ್ಚಾಗಿ ಇಂಗ್ಲೆಂಡಿನ ವ್ಯವಸ್ಥೆ; ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್‌ಗಳಲ್ಲಿ ವಿವರಗಳು ಅಲ್ಲಲ್ಲಿ ಬೇರೆಯಾಗುತ್ತವೆ.

ವಂಶವೃಕ್ಷ ಮೊದಲು, ಜಿಪಿ ನಂತರ

ಎಲ್ಲವೂ ಶುರುವಾಗುವುದು ಜಿಪಿಯಿಂದ, ಅಂದರೆ ನೀವು ಹೆಸರು ನೋಂದಾಯಿಸಿರುವ ಸ್ಥಳೀಯ ವೈದ್ಯರಿಂದ. ‘ನಮ್ಮ ಮನೆತನದಲ್ಲಿ ಕ್ಯಾನ್ಸರ್ ಜಾಸ್ತಿ’ ಎಂದಷ್ಟೇ ಹೇಳಿದರೆ ಜಿಪಿ ಏನೂ ಮಾಡಲಾರರು. ಯಾರನ್ನು ಮುಂದೆ ತಜ್ಞರ ಬಳಿಗೆ ಕಳಿಸಬೇಕು ಎಂಬುದಕ್ಕೆ, ಚಿಕಿತ್ಸೆಯ ಮಾರ್ಗಸೂಚಿಗಳನ್ನು ರೂಪಿಸುವ ನೈಸ್ ಸಂಸ್ಥೆಯ ಲಿಖಿತ ಮಾನದಂಡವಿದೆ: ತಾಯಿ, ಅಕ್ಕತಂಗಿ ಅಥವಾ ಮಗಳಿಗೆ 40 ವರ್ಷಕ್ಕಿಂತ ಮೊದಲೇ ಸ್ತನ ಕ್ಯಾನ್ಸರ್ ಆಗಿದ್ದರೆ, ತಂದೆಗೋ ಅಣ್ಣತಮ್ಮನಿಗೋ ಯಾವ ವಯಸ್ಸಿನಲ್ಲಾದರೂ ಸ್ತನ ಕ್ಯಾನ್ಸರ್ ಆಗಿದ್ದರೆ, ಒಂದೇ ಕಡೆಯ ಹತ್ತಿರದ ರಕ್ತಸಂಬಂಧಿಗಳಲ್ಲಿ ಒಬ್ಬರಿಗೆ ಸ್ತನದ್ದು ಇನ್ನೊಬ್ಬರಿಗೆ ಅಂಡಾಶಯದ್ದು ಆಗಿದ್ದರೆ, ಹೀಗೆ. ಆದ್ದರಿಂದ ಯಾರಿಗೆ, ಯಾವ ಅಂಗದಲ್ಲಿ, ಎಷ್ಟನೇ ವಯಸ್ಸಿನಲ್ಲಿ ಎಂಬ ಮೂರನ್ನು ಬರೆದುಕೊಂಡು ಹೋಗಿ.

ಈ ಪಟ್ಟಿ ಮಾಡುವುದು ಕೇಳಿದಷ್ಟು ಸುಲಭವಲ್ಲ. ‘ಹೊಟ್ಟೆಯಲ್ಲಿ ಗಡ್ಡೆ ಆಗಿತ್ತು, ನೀರು ತುಂಬಿಕೊಂಡಿತ್ತು’ ಎಂದು ಅಜ್ಜಿಯ ಬಗ್ಗೆ ಮನೆಯಲ್ಲಿ ಹೇಳುವ ಮಾತು ಅಂಡಾಶಯದ ಕ್ಯಾನ್ಸರ್ ಇರಬಹುದು, ಯಕೃತ್ತಿನ ಕಾಯಿಲೆಯೂ ಇರಬಹುದು. ಬೆಂಗಳೂರಿನ ಕಿದ್ವಾಯಿಯಲ್ಲೋ ಬೇರೆಲ್ಲೋ ಚಿಕಿತ್ಸೆ ಆಗಿದ್ದರೆ ಬಯಾಪ್ಸಿ ವರದಿಯ ಫೋಟೋ ತೆಗೆದು ಕಳಿಸಲು ಹೇಳಿ. ಆ ಒಂದು ಹಾಳೆ ಹತ್ತು ಜನರ ನೆನಪಿಗಿಂತ ಹೆಚ್ಚು ತೂಗುತ್ತದೆ. ದೊಡ್ಡಪ್ಪನ ಹೆಂಡತಿಯಾದ ದೊಡ್ಡಮ್ಮನ ಕಾಯಿಲೆ ಲೆಕ್ಕಕ್ಕೆ ಬರುವುದಿಲ್ಲ, ತಾಯಿಯ ಅಕ್ಕನದು ಬರುತ್ತದೆ. ತಂದೆಯ ಕಡೆಯನ್ನು ಮರೆಯುವವರೇ ಹೆಚ್ಚು. ದೋಷವಿರುವ ಜೀನ್ ತಂದೆಯಿಂದಲೂ ಅಷ್ಟೇ ಸಲೀಸಾಗಿ ಇಳಿದು ಬರುತ್ತದೆ. ಗಂಡಾಗಲಿ ಹೆಣ್ಣಾಗಲಿ, ಪ್ರತಿ ಮಗುವಿಗೂ ಸಾಧ್ಯತೆ ಅರ್ಧಕ್ಕರ್ಧ. ಸೋದರತ್ತೆಗೆ ಅಂಡಾಶಯದ ಕ್ಯಾನ್ಸರ್ ಆಗಿದ್ದರೆ ಅದನ್ನು ದಪ್ಪ ಅಕ್ಷರದಲ್ಲಿ ಬರೆಯಿರಿ.

ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾದವರು ಅದನ್ನು ಜೆನೆಟಿಕ್ಸ್ (ಜೀನ್ ತಜ್ಞರ) ಕ್ಲಿನಿಕ್ಕಿನಲ್ಲಿ ನಾಚಿಕೆಯಿಲ್ಲದೆ ಹೇಳಬೇಕು. ದೋಷವಿದ್ದರೆ ಸ್ತನ, ಅಂಡಾಶಯದ ಕ್ಯಾನ್ಸರ್ ಅಪಾಯ ಹೆಚ್ಚಿಸುವ ಜೀನ್‌ಗಳಲ್ಲಿ ಬಿಆರ್‌ಸಿಎ1, ಬಿಆರ್‌ಸಿಎ2 ಮುಖ್ಯವಾದವು. ಗಂಡ ಹೆಂಡತಿ ಇಬ್ಬರಲ್ಲೂ ಒಂದೇ ಬಿಆರ್‌ಸಿಎ2 ದೋಷ ಇರುವ ಸಾಧ್ಯತೆ ಅಂಥ ಮದುವೆಯಲ್ಲಿ ಹೆಚ್ಚು, ಮತ್ತು ಎರಡೂ ಕಡೆಯಿಂದ ಅದು ಬಂದ ಮಗುವಿಗೆ ಫ್ಯಾಂಕೋನಿ ಅನೀಮಿಯಾ ಎಂಬ ಗಂಭೀರ ಕಾಯಿಲೆ ಬರುತ್ತದೆ. ಇಲ್ಲಿನ ಕೌನ್ಸೆಲರ್‌ಗಳು ಇದನ್ನು ಕೇಳಿ ಹುಬ್ಬೇರಿಸುವುದಿಲ್ಲ. ಹೇಳದಿದ್ದರೆ ಸಂಗಾತಿಯ ಪರೀಕ್ಷೆಯ ಮಾತೇ ಬಾರದೆ ಹೋಗಬಹುದು.

ಇಂಗ್ಲಿಷಿನಲ್ಲಿ ಇಷ್ಟು ಸೂಕ್ಷ್ಮ ಮಾತು ಕಷ್ಟವೆನಿಸಿದರೆ ಕನ್ನಡ ದುಭಾಷಿ ಬೇಕೆಂದು ಮೊದಲೇ ಕೇಳಿ. ಅದಕ್ಕೆ ನೀವು ಹಣ ಕೊಡಬೇಕಿಲ್ಲ. ಗಂಡನನ್ನೋ ಮಗಳನ್ನೋ ದುಭಾಷಿ ಮಾಡಿಕೊಂಡು ಹೋಗುವುದು ಈ ವಿಷಯದಲ್ಲಂತೂ ಬೇಡ.

ರಕ್ತಪರೀಕ್ಷೆ ಮೊದಲು ಯಾರಿಗೆ?

‘ನನಗೆ ಬಿಆರ್‌ಸಿಎ ಟೆಸ್ಟ್ ಮಾಡಿ’ ಎಂದರೆ ‘ನಿಮ್ಮ ತಾಯಿಗೆ ಟೆಸ್ಟ್ ಆಗಿದೆಯೇ?’ ಎಂಬ ಮರುಪ್ರಶ್ನೆ ಬರುತ್ತದೆ. ಕಾಯಿಲೆ ಬಂದವರಲ್ಲಿ ಮೊದಲು ಹುಡುಕಿ, ದೋಷ ಸಿಕ್ಕರೆ ಅದೊಂದನ್ನೇ ಉಳಿದವರಲ್ಲಿ ನೋಡುವುದು ಇಲ್ಲಿನ ಕ್ರಮ. ಎನ್‌ಎಚ್‌ಎಸ್‌ನ ಜೀನೋಮಿಕ್ ಪರೀಕ್ಷಾ ಪಟ್ಟಿಯಲ್ಲಿ ಆರ್208 ಎಂಬ ಸಂಖ್ಯೆಯ ಪರೀಕ್ಷೆ ಬಿಆರ್‌ಸಿಎ1, ಬಿಆರ್‌ಸಿಎ2, ಪಾಲ್ಬಿ2 ಮೊದಲಾದ ಜೀನ್‌ಗಳನ್ನು ಒಟ್ಟಿಗೆ ನೋಡುತ್ತದೆ. ತಾಯಿ ಹುಬ್ಬಳ್ಳಿಯಲ್ಲಿದ್ದರೆ ಅವರ ಪರೀಕ್ಷೆಯನ್ನು ಎನ್‌ಎಚ್‌ಎಸ್ ಮಾಡಿಸುವುದಿಲ್ಲ. ವಿಸಿಟರ್ ವೀಸಾದಲ್ಲಿ ಕರೆಸಿಕೊಂಡರೂ ಆಸ್ಪತ್ರೆಯ ಸೇವೆಗೆ ದರಪಟ್ಟಿಯ 150 ಶೇಕಡಾ ತೆರಬೇಕಾಗುತ್ತದೆ. ಅಲ್ಲಿಯೇ ಒಳ್ಳೆಯ ಖಾಸಗಿ ಪ್ರಯೋಗಾಲಯದಲ್ಲಿ ಮಾಡಿಸಿ, ದೋಷದ ಪೂರ್ಣ ವೈಜ್ಞಾನಿಕ ಹೆಸರಿರುವ ವರದಿ ತರಿಸಿಕೊಳ್ಳುವುದೇ ವಾಸಿ. ಬರೀ ‘ಪಾಸಿಟಿವ್’ ಎಂದಿರುವ ಸಾರಾಂಶದಿಂದ ಇಲ್ಲಿ ಉಪಯೋಗವಿಲ್ಲ.

ತಾಯಿ ತೀರಿಹೋಗಿದ್ದು, ದೋಷ ಇರುವ ಸಾಧ್ಯತೆ 10 ಶೇಕಡಾ ಅಥವಾ ಹೆಚ್ಚು ಎಂದು ಲೆಕ್ಕ ಬಂದರೆ ನಿಮ್ಮನ್ನೇ ನೇರವಾಗಿ ಪರೀಕ್ಷಿಸಬಹುದು. ಆದರೆ ಎಚ್ಚರ: ಮನೆತನದ ದೋಷ ಯಾವುದೆಂದೇ ಗೊತ್ತಿಲ್ಲದಾಗ ನಿಮ್ಮ ‘ನೆಗೆಟಿವ್’ ಅಭಯವಾಗುವುದಿಲ್ಲ. ತಾಯಿಯಲ್ಲಿ ಸಿಕ್ಕ ದೋಷ ನಿಮ್ಮಲ್ಲಿ ಇಲ್ಲ ಎಂದು ಬಂದರೆ ಮಾತ್ರ ನಿಜವಾದ ನಿರಾಳ.

ಮೂರನೆಯ ಉತ್ತರವೂ ಒಂದಿದೆ: ವಿಯುಎಸ್, ಅಂದರೆ ಬದಲಾವಣೆ ಕಂಡಿದೆ, ಆದರೆ ಅದು ಕೆಟ್ಟದ್ದೋ ನಿರುಪದ್ರವಿಯೋ ತಿಳಿದಿಲ್ಲ. ಜಗತ್ತಿನ ಜೀನ್ ಮಾಹಿತಿಯ ಬಹುಪಾಲು ಯುರೋಪಿಯನ್ ಮೂಲದವರದ್ದು; ಹಾಗಾಗಿ ಭಾರತೀಯರಿಗೆ ಈ ಉತ್ತರ ಹೆಚ್ಚು ಸಿಗುತ್ತದೆ. ಇದನ್ನು ನಂಬಿಕೊಂಡು ಅಂಗ ತೆಗೆಸಿಕೊಳ್ಳಬಾರದು. ಹೀಗೆ ಬಂದವುಗಳಲ್ಲಿ ಬಹಳಷ್ಟು ಮುಂದೆ ನಿರುಪದ್ರವಿ ಎಂದೇ ತೀರ್ಮಾನವಾಗುತ್ತವೆ.

ಎರಡು ಅಂಗ, ಎರಡು ಬೇರೆ ಲೆಕ್ಕ

2013ರಲ್ಲಿ ಹಾಲಿವುಡ್ ನಟಿ ಆಂಜೆಲಿನಾ ಜೋಲಿ ಮುನ್ನೆಚ್ಚರಿಕೆಯಾಗಿ ಸ್ತನಗಳನ್ನು ತೆಗೆಸಿಕೊಂಡ ಸುದ್ದಿ ಬಂದಮೇಲೆ ಬ್ರಿಟನ್ನಿನ ಕುಟುಂಬ-ಇತಿಹಾಸ ಕ್ಲಿನಿಕ್‌ಗಳಿಗೆ ಬರುವವರ ಸಂಖ್ಯೆ ಕೆಲವು ತಿಂಗಳು ದುಪ್ಪಟ್ಟಿಗೂ ಮೀರಿತು. ಆಕೆ ಅಂಡಾಶಯ ತೆಗೆಸಿಕೊಂಡದ್ದು 2015ರಲ್ಲಿ. ಆ ಸುದ್ದಿ ಅಷ್ಟು ಜನರ ನೆನಪಿನಲ್ಲಿ ಉಳಿಯಲಿಲ್ಲ. ನನ್ನ ಮಟ್ಟಿಗೆ ಮುಖ್ಯವಾದ ಪಾಠ ಇದ್ದದ್ದು ಎರಡನೆಯದರಲ್ಲಿ.

ದೊಡ್ಡ ಅಧ್ಯಯನವೊಂದರ ಪ್ರಕಾರ 80 ವರ್ಷದೊಳಗೆ ಸ್ತನ ಕ್ಯಾನ್ಸರ್ ಬರುವ ಸಾಧ್ಯತೆ ಬಿಆರ್‌ಸಿಎ1 ದೋಷವಿದ್ದವರಿಗೆ ಸುಮಾರು 72 ಶೇಕಡಾ, ಬಿಆರ್‌ಸಿಎ2 ಇದ್ದವರಿಗೆ 69. ಅಂಡಾಶಯದ್ದು ಕ್ರಮವಾಗಿ 44 ಮತ್ತು 17. ಬ್ರಿಟನ್ನಿನ ಸಾಮಾನ್ಯ ಮಹಿಳೆಯರಲ್ಲಿ ಸ್ತನದ್ದು ಏಳರಲ್ಲಿ ಒಬ್ಬರಿಗೆ, ಅಂಡಾಶಯದ್ದು ಐವತ್ತರಲ್ಲಿ ಒಬ್ಬರಿಗೆ. ಸಂಖ್ಯೆ ನೋಡಿದರೆ ಸ್ತನವೇ ಹೆದರಿಸುತ್ತದೆ. ಆದರೆ ಸ್ತನಕ್ಕೆ ಕಾವಲಿದೆ: ಅತಿ ಹೆಚ್ಚು ಅಪಾಯದವರ ತಪಾಸಣೆಯಡಿ ಬಿಆರ್‌ಸಿಎ ಇದ್ದವರಿಗೆ 30ರಿಂದ ವರ್ಷಕ್ಕೊಮ್ಮೆ ಎಂಆರ್‌ಐ, 40ರಿಂದ ಮ್ಯಾಮೊಗ್ರಾಂ (ಸ್ತನದ ಎಕ್ಸ್‌ರೇ) ಕೂಡ. ಅಂಡಾಶಯಕ್ಕೆ ಅಂಥ ನಂಬಿಕಸ್ಥ ಕಾವಲಿಲ್ಲ. ಸಾಮಾನ್ಯ ಮಹಿಳೆಯರ ಮೇಲೆ ನಡೆದ ಬ್ರಿಟನ್ನಿನ ಬೃಹತ್ ತಪಾಸಣಾ ಪ್ರಯೋಗದಿಂದ ಸಾವು ಕಡಿಮೆಯಾಗಲಿಲ್ಲ ಎಂದು 2021ರಲ್ಲಿ ತಿಳಿಯಿತು. ಶಸ್ತ್ರಚಿಕಿತ್ಸೆಯನ್ನು ಮುಂದಕ್ಕೆ ಹಾಕುವ ಹೆಚ್ಚು ಅಪಾಯದವರಿಗೆ ನಾಲ್ಕು ತಿಂಗಳಿಗೊಮ್ಮೆ ಸಿಎ125 ರಕ್ತಪರೀಕ್ಷೆಯ ಆಯ್ಕೆ ಇದೆ. ಅದು ಶಸ್ತ್ರಚಿಕಿತ್ಸೆಗೆ ಸಮವಲ್ಲ ಎಂದು ವೈದ್ಯರೇ ಹೇಳುತ್ತಾರೆ.

ಆದ್ದರಿಂದ ಅಂಡಾಶಯದ ಪ್ರಶ್ನೆ ಮುಖ್ಯವಾಗಿ ‘ಯಾವಾಗ’ ಎಂಬುದು. ನೈಸ್‌ನ 2024ರ ಮಾರ್ಗಸೂಚಿಯಂತೆ ಅಂಡಾಶಯ ಮತ್ತು ಅಂಡನಾಳಗಳನ್ನು ಬಿಆರ್‌ಸಿಎ1 ಇದ್ದರೆ 35ಕ್ಕಿಂತ ಮೊದಲು, ಬಿಆರ್‌ಸಿಎ2 ಇದ್ದರೆ 40ಕ್ಕಿಂತ ಮೊದಲು ತೆಗೆಯುವುದಿಲ್ಲ. ಪಾಲ್ಬಿ2 ಇದ್ದರೆ 45. ಮಕ್ಕಳು ಬೇಕೆನ್ನುವವರಿಗೆ ಈ ವಯಸ್ಸೇ ಕ್ಯಾಲೆಂಡರು. ಶಸ್ತ್ರಚಿಕಿತ್ಸೆ ಸಾಮಾನ್ಯವಾಗಿ ಲ್ಯಾಪರೊಸ್ಕೋಪಿ (ಸಣ್ಣ ರಂಧ್ರಗಳ ಮೂಲಕ), ಅದೇ ದಿನವೋ ಮರುದಿನವೋ ಮನೆಗೆ. ಗರ್ಭಕೋಶ ತೆಗೆಯಬೇಕಾದ ಅಗತ್ಯ ಸಾಮಾನ್ಯವಾಗಿ ಇಲ್ಲ. ಊರಿನಲ್ಲಿ ‘ಮಕ್ಕಳಾಗಿದೆಯಲ್ಲ, ಎಲ್ಲವನ್ನೂ ತೆಗೆಸಿಬಿಡಿ’ ಎನ್ನುವವರ ಮಾತು ಇಲ್ಲಿ ನಡೆಯುವುದಿಲ್ಲ, ಒಳ್ಳೆಯದೇ ಆಯಿತು. ಕಷ್ಟವಿರುವುದು ಆಮೇಲೆ: ಮುಟ್ಟು ಒಮ್ಮೆಲೇ ನಿಲ್ಲುತ್ತದೆ. ಮೈ ಬಿಸಿಯೇರುವುದು, ನಿದ್ದೆಗೇಡು, ದಾಂಪತ್ಯದಲ್ಲಿ ನಿರಾಸಕ್ತಿ, ಮೂಳೆ ಸವೆತ. ತನಗೇ ಸ್ತನ ಕ್ಯಾನ್ಸರ್ ಬಂದಿರದ ಮಹಿಳೆಗೆ ಸುಮಾರು 51ರವರೆಗೆ ಹಾರ್ಮೋನ್ ಚಿಕಿತ್ಸೆ ಕೊಡುತ್ತಾರೆ. ‘ಹಾರ್ಮೋನ್ ತಗೊಂಡರೆ ಕ್ಯಾನ್ಸರ್’ ಎಂಬ ವಾಟ್ಸ್ಆಪ್ ಜ್ಞಾನಕ್ಕೆ ಹೆದರಿ ಅದನ್ನು ಬಿಟ್ಟವರ ಮೂಳೆಗಳೇ ಬೆಲೆ ತೆರುತ್ತವೆ. ಶಸ್ತ್ರಚಿಕಿತ್ಸೆಗೆ ಮುಂಚೆಯೇ ಈ ಯೋಜನೆ ಯಾರು ನೋಡಿಕೊಳ್ಳುತ್ತಾರೆ, ಜಿಪಿಯೋ ಆಸ್ಪತ್ರೆಯೋ, ಎಂದು ಬರಹದಲ್ಲಿ ಪಡೆಯಿರಿ.

ಸ್ತನದ ಪ್ರಶ್ನೆ ನಿಜಕ್ಕೂ ಎರಡು ಕಡೆಗೂ ತೂಗುತ್ತದೆ. ಎರಡೂ ಸ್ತನಗಳನ್ನು ತೆಗೆದರೆ ಕ್ಯಾನ್ಸರ್ ಬರುವ ಅಪಾಯ 90 ಶೇಕಡಾಕ್ಕೂ ಹೆಚ್ಚು ಇಳಿಯುತ್ತದೆ. ಆದರೆ ಎಂಆರ್‌ಐ ಕಾವಲಿನಲ್ಲಿದ್ದು ಬೇಗ ಪತ್ತೆಯಾದ ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆದವರಿಗಿಂತ ಇವರು ಎಷ್ಟು ಹೆಚ್ಚು ಕಾಲ ಬದುಕುತ್ತಾರೆ ಎಂಬುದರಲ್ಲಿ ಸಾಕ್ಷ್ಯ ಅಂಡಾಶಯದಷ್ಟು ಖಚಿತವಿಲ್ಲ. ಕಾವಲು ಕ್ಯಾನ್ಸರನ್ನು ತಡೆಯುವುದಿಲ್ಲ, ಬೇಗ ಹಿಡಿಯುತ್ತದೆ; ಬಂದರೆ ಕೀಮೋ ಬೇಕಾಗಬಹುದು. ತೆಗೆಸಿಕೊಂಡರೆ ಎದೆಯ ಚರ್ಮದ ಸ್ಪರ್ಶಜ್ಞಾನ ಬಹುತೇಕ ಹೋಗುತ್ತದೆ, ಮಗುವಿಗೆ ಹಾಲೂಡಿಸಲಾಗುವುದಿಲ್ಲ, ಸ್ತನದ ಮರುರಚನೆಯ ನಂತರ ಮತ್ತೆ ಶಸ್ತ್ರಚಿಕಿತ್ಸೆಗಳು ಬರಬಹುದು. ತಾಯಿ ಕೀಮೋದಲ್ಲಿ ಸೊರಗಿದ್ದನ್ನು ಹತ್ತಿರದಿಂದ ಕಂಡ ಮಗಳು ಈ ಎಲ್ಲವನ್ನೂ ಸಣ್ಣದೆಂದು ತೂಗಿದರೆ ಅದು ತಪ್ಪು ಲೆಕ್ಕವಲ್ಲ. ಪ್ರತಿ ವರ್ಷ ಎಂಆರ್‌ಐ ಯಂತ್ರದೊಳಗೆ ಹೋಗಿ ಬಂದು ನೆಮ್ಮದಿಯಿಂದಿರಬಲ್ಲವಳದ್ದೂ ತಪ್ಪಲ್ಲ. ಅಪಾಯ ತಗ್ಗಿಸುವ ಮಾತ್ರೆಗಳೂ ಇವೆ: ಮುಟ್ಟು ನಿಲ್ಲುವ ಮುನ್ನ ಟಮಾಕ್ಸಿಫೆನ್, ನಿಂತಮೇಲೆ ಅನಾಸ್ಟ್ರೊಜೋಲ್. ಕೇಳದಿದ್ದರೆ ಇವುಗಳ ಪ್ರಸ್ತಾಪ ಬಾರದೆಯೂ ಇರಬಹುದು.

ಜೀನ್ ದೋಷ ಸಿಗದೆ ಬರೀ ಕುಟುಂಬದ ಇತಿಹಾಸವಷ್ಟೇ ಇದ್ದರೆ ಬಾಗಿಲು ಮುಚ್ಚಿಲ್ಲ. ಜೀವಮಾನದ ಅಪಾಯ 30 ಶೇಕಡಾ ಅಥವಾ ಹೆಚ್ಚಿದ್ದರೆ ಸ್ತನದ ವಿಷಯದಲ್ಲಿ ‘ಹೆಚ್ಚು ಅಪಾಯ’, 17ರಿಂದ 30ರವರೆಗೆ ‘ಮಧ್ಯಮ’. ಅಂಡಾಶಯದ್ದು 5 ಶೇಕಡಾ ಮುಟ್ಟಿದರೆ ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ. ಕೇಂಬ್ರಿಜ್ ವಿಶ್ವವಿದ್ಯಾಲಯದ ಕ್ಯಾನ್‌ರಿಸ್ಕ್ ಎಂಬ ಸಾಧನದಲ್ಲಿ ಇದನ್ನು ಲೆಕ್ಕ ಹಾಕುತ್ತಾರೆ. ನಿಮ್ಮ ಸಂಖ್ಯೆ ಎಷ್ಟು, ಮುಂದಿನ ಹತ್ತು ವರ್ಷದಲ್ಲಿ ಎಷ್ಟು ಎಂದು ಎರಡನ್ನೂ ಕೇಳಿ. 32ರ ಪ್ರಾಯದವಳಿಗೆ ಜೀವಮಾನದ ಸಂಖ್ಯೆಗಿಂತ ಹತ್ತು ವರ್ಷದ ಸಂಖ್ಯೆ ಹೆಚ್ಚು ಕೆಲಸಕ್ಕೆ ಬರುತ್ತದೆ.

ಕಾಯುವಿಕೆ, ವೀಸಾ, ವಿಮೆ

ಕ್ಯಾನ್ಸರ್ ಬಂದವರಿಗೆ ಮೊದಲ ಸರದಿ, ಬರಬಹುದಾದವರಿಗೆ ಆಮೇಲೆ. ನಿಯಮದಲ್ಲಿ 18 ವಾರ ಎಂದಿದ್ದರೂ ಮರುರಚನೆಯೊಂದಿಗಿನ ಸ್ತನ ಶಸ್ತ್ರಚಿಕಿತ್ಸೆಗೆ ಅದಕ್ಕಿಂತ ಬಹಳ ಹೆಚ್ಚು ಕಾಯಬೇಕಾಗಬಹುದು. ಕಾಯುವಾಗ ಎಂಆರ್‌ಐ ತಪ್ಪಿಸಬೇಡಿ.

ವೀಸಾದ ಜೊತೆ ವರ್ಷಕ್ಕೆ 1,035 ಪೌಂಡ್ ಆರೋಗ್ಯ ಶುಲ್ಕ ತೆತ್ತವರಿಗೆ ಪರೀಕ್ಷೆ, ತಪಾಸಣೆ, ಶಸ್ತ್ರಚಿಕಿತ್ಸೆ ಎಲ್ಲಕ್ಕೂ ಹಕ್ಕಿದೆ. ಒಂದು ಹೊರತು: ಇಂಗ್ಲೆಂಡಿನಲ್ಲಿ ಐವಿಎಫ್ ಮುಂತಾದ ಸಂತಾನ ಚಿಕಿತ್ಸೆ ಈ ಶುಲ್ಕದಲ್ಲಿ ಸೇರಿಲ್ಲ. ದೋಷವಿಲ್ಲದ ಭ್ರೂಣವನ್ನು ಆರಿಸುವ ಯೋಚನೆ ಇದ್ದರೆ ಇದು ದೊಡ್ಡ ಖರ್ಚು. ಪ್ರಾಯೋಜಿತ ಉದ್ಯೋಗದಲ್ಲಿರುವವರಿಗೆ ನಾಲ್ಕು ವಾರಕ್ಕೂ ಹೆಚ್ಚು ಸಂಬಳವಿಲ್ಲದ ರಜೆ ವೀಸಾಕ್ಕೆ ಕುತ್ತಾಗಬಹುದಾದರೂ ಅನಾರೋಗ್ಯದ ರಜೆ ಆ ನಿಯಮದ ಹೊರಗಿದೆ. ಏಳು ದಿನ ದಾಟಿದರೆ ಫಿಟ್ ನೋಟ್ (ಅನಾರೋಗ್ಯದ ಪ್ರಮಾಣಪತ್ರ) ಪಡೆಯಿರಿ. ಅಮ್ಮ ಆರೈಕೆ ಮಾಡುತ್ತಾರೆಂದು ಭಾರತಕ್ಕೆ ಹೋಗಿ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳುವವರು, ಕಾಯಂ ನಿವಾಸಕ್ಕೆ ಯಾವುದೇ 12 ತಿಂಗಳಲ್ಲಿ 180 ದಿನಕ್ಕಿಂತ ಹೆಚ್ಚು ಹೊರಗಿರಬಾರದೆಂಬುದನ್ನು ಎಣಿಸಿಕೊಳ್ಳಲಿ. ಅಲ್ಲಿ ಅಂಡನಾಳ ತೆಗೆದರೆ, ಅದರ ತುದಿಯನ್ನು ತೆಳುವಾಗಿ ಕತ್ತರಿಸಿ ಪೂರ್ತಿ ಸೂಕ್ಷ್ಮದರ್ಶಕದಲ್ಲಿ ನೋಡಬೇಕೆಂದು ಪ್ರಯೋಗಾಲಯಕ್ಕೆ ಬರೆಯಿಸಿ. ಅಡಗಿದ ಕ್ಯಾನ್ಸರ್ ಸಿಗುವುದು ಅಲ್ಲಿಯೇ.

ವಿಮೆಯ ಭಯಕ್ಕೆ ಪರೀಕ್ಷೆ ಬಿಡಬೇಕಿಲ್ಲ. ಸರ್ಕಾರ ಮತ್ತು ವಿಮಾ ಕಂಪನಿಗಳ ಒಕ್ಕೂಟದ ನಡುವಿನ ಒಪ್ಪಂದದಂತೆ, ಕಾಯಿಲೆಯಿಲ್ಲದವರ ಬಿಆರ್‌ಸಿಎ ಫಲಿತಾಂಶವನ್ನು ಜೀವ ವಿಮೆಗೆ ಹೇಳಬೇಕಾಗಿಲ್ಲ. ತಾಯಿಗೆ ಕ್ಯಾನ್ಸರ್ ಆಗಿತ್ತೇ ಎಂದು ಕೇಳಿದರೆ ಮಾತ್ರ ಸತ್ಯ ಹೇಳಲೇಬೇಕು.

ಫಲಿತಾಂಶ ಬಂದಮೇಲೆ ಸಂಬಂಧಿಕರಿಗೆ ಕೊಡಬಹುದಾದ ಒಂದು ಪತ್ರವನ್ನು ಕ್ಲಿನಿಕ್‌ನವರಿಂದ ಕೇಳಿ ಪಡೆಯಬಹುದು. ನಿಮ್ಮ ಹೆಸರು ಹೇಳದೆ ದೋಷದ ವಿವರವಷ್ಟೇ ಇರುವಂತೆ ಬರೆಸಿಕೊಳ್ಳಿ. ದಾವಣಗೆರೆಯಲ್ಲಿರುವ ತಂಗಿ, ಮೈಸೂರಿನ ಚಿಕ್ಕಮ್ಮನ ಮಗಳು, ಅಣ್ಣ ಕೂಡ, ಆ ಹಾಳೆ ಹಿಡಿದುಕೊಂಡು ಹೋದರೆ ಅಲ್ಲಿನ ಪ್ರಯೋಗಾಲಯ ಇಡೀ ಪಟ್ಟಿಯ ಬದಲು ಆ ಒಂದು ದೋಷವನ್ನಷ್ಟೇ ಹುಡುಕುತ್ತದೆ; ಖರ್ಚೂ ಕಡಿಮೆ, ಉತ್ತರವೂ ಸ್ಪಷ್ಟ.