ಒಂದು ಕಂತಿನ ಲೆಕ್ಕ

ನಮ್ಮ ಮನೆಯ ಬಾಗಿಲ ಹಿಂದೆ ಒಂದು ಮೊಳೆ ಇದೆ. ಸುಮಾರು 9 ವರ್ಷ ಅದರಲ್ಲಿ ಪಕ್ಕದ ಮನೆಯ ಬೀಗದ ಕೈ ನೇತಾಡುತ್ತಿತ್ತು. ಅವರದು ನಮ್ಮಲ್ಲಿ, ನಮ್ಮದು ಅವರಲ್ಲಿ. ಊರಿಗೆ ಹೋದಾಗ ಗಿಡಕ್ಕೆ ನೀರು ಹಾಕುವುದು, ಪಾರ್ಸೆಲ್ ಇಸ್ಕೊಳ್ಳುವುದು, ಮಕ್ಕಳು ಬೇಗ ಬಂದರೆ ಬಾಗಿಲು ತೆಗೆದು ಕೂರಿಸುವುದು, ಎಲ್ಲ ಆ ಕೀ ಮೇಲೆ ನಡೆಯುತ್ತಿತ್ತು. ಅವರ ಮಗಳು ನನ್ನನ್ನು ಮಾಮ ಅಂತಿದ್ದಳು. ಈಗ ಆ ಮೊಳೆಗೆ ಕೊಡೆ ತೂಗುಹಾಕಿದ್ದೇವೆ.

ನಡುವೆ ಆಗಿದ್ದು ಒಂದು ಕೈಸಾಲ. ಸಾಲ ಕೊಟ್ಟು ಸ್ನೇಹ ಕೆಟ್ಟಿತು ಅಂದರೆ ಎಲ್ಲರೂ "ವಾಪಸ್ ಕೊಡಲಿಲ್ಲ, ಅಲ್ವಾ?" ಅಂತಲೇ ಕೇಳುತ್ತಾರೆ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಅನ್ನುವ ಗಾದೆಯನ್ನೂ ಸೇರಿಸುತ್ತಾರೆ. ನನ್ನ ಕಥೆ ಅದಲ್ಲ. ಅವರು ಕೊಟ್ಟರು. ಒಟ್ಟು 10 ಕಂತು. ಅದರಲ್ಲಿ 9ರ ಬಗ್ಗೆ ಇವತ್ತಿಗೂ ಇಬ್ಬರಿಗೂ ತಕರಾರಿಲ್ಲ.

ಅವರು ಕೇಳಲು ಬಂದಿದ್ದು ರಾತ್ರಿ. ಯಾವಾಗಲೂ ನೇರ ಬಂದು ಸೋಫಾದಲ್ಲಿ ಕಾಲು ಮಡಚಿ ಕೂರುವವರು ಅವತ್ತು ನಿಂತೇ ಇದ್ದರು. ಹಳೆ ಕೆಲಸ ಬಿಟ್ಟಾಗಿತ್ತು, ಹೊಸದಕ್ಕೆ ಇನ್ನೂ 2 ತಿಂಗಳಿತ್ತು, ಅದೇ ಹೊತ್ತಿಗೆ ಮಗಳ ಫೀಸು ಕಟ್ಟುವ ದಿನ ಬಂದಿತ್ತು. ಕೇಳಿದ್ದು ನನ್ನ 3 ತಿಂಗಳ ಸಂಬಳದಷ್ಟು. ಅಷ್ಟು ದುಡ್ಡು ಕೈಯಲ್ಲಿರಲಿಲ್ಲ. ಅವಧಿಗೆ ಮೊದಲೇ ಒಂದು ಠೇವಣಿ ಮುರಿಸಿದೆ, ಬಡ್ಡಿಯಲ್ಲಿ ಒಂದಿಷ್ಟು ಹೋಯಿತು. ಅದನ್ನು ಅವರಿಗೆ ಹೇಳಲಿಲ್ಲ. ದೊಡ್ಡತನ ಅಂದುಕೊಂಡೆ. ಆ ಹೇಳದ ಮಾತು ಒಳಗೇ ಕೂತು ಹುಳಿಯಾಯಿತು ಅನ್ನುವುದು ಗೊತ್ತಾಗಲು ಬಹಳ ದಿನ ಬೇಕಾಯಿತು.

ಇನ್ನೊಂದು ವಿಷಯ. "ಒಂದು ಹಾಳೆ ಮೇಲೆ ಬರೆದು ಸಹಿ ಹಾಕಿ ಕೊಡ್ತೀನಿ" ಅಂತ ಅವರೇ ಹೇಳಿದ್ದರು. "ಸುಮ್ನಿರಿ, ನಮ್ಮ ನಡುವೆ ಹಾಳೆ ಯಾಕೆ?" ಅಂದೆ. ಅವರು ಎರಡನೇ ಸಲವೂ ಹೇಳಿದರು. ನಾನು ಎರಡನೇ ಸಲವೂ ನಕ್ಕೆ.

ಅರ್ಧ ದುಡ್ಡು ಬ್ಯಾಂಕಿನಿಂದ ಕಳಿಸಿದೆ, ಇನ್ನರ್ಧ ಕೈಯಲ್ಲಿ ಕೊಟ್ಟೆ. ಬ್ಯಾಂಕಿನ ದಾಖಲೆ ಇದ್ದರೆ ಸಾಕು ಅಂತ ಬಹಳ ಜನ ಅಂದುಕೊಳ್ಳುತ್ತಾರೆ, ನಾನೂ ಅಂದುಕೊಂಡಿದ್ದೆ. ಆ ದಾಖಲೆ ಹೇಳುವುದು ದುಡ್ಡು ಇಲ್ಲಿಂದ ಅಲ್ಲಿಗೆ ಹೋಯಿತು ಅಂತ ಮಾತ್ರ. ಅದು ಸಾಲವೋ, ಉಡುಗೊರೆಯೋ, ಹಳೆ ಬಾಕಿ ತೀರಿಸಿದ್ದೋ ಅಂತ ಅದು ಹೇಳುವುದಿಲ್ಲ. ಯಾಕೆ ಕೊಟ್ಟಿದ್ದು, ಯಾವಾಗ ವಾಪಸ್ ಅಂತ ಎಲ್ಲಾದರೂ ಎರಡು ಸಾಲು ಬರೆದಿದ್ದರೆ ಅದಕ್ಕೆ ಬೆಲೆ ಹೆಚ್ಚು.

ಮೊದಲ 3 ಕಂತು ಬ್ಯಾಂಕಿನ ಮೂಲಕವೇ ಬಂದವು, ಹೇಳಿದ ತಾರೀಖಿಗೆ. ನಾಲ್ಕನೆಯದನ್ನು ಕೈಯಲ್ಲಿ ಕೊಟ್ಟರು. ಯಾರೋ ಅವರಿಗೆ ನಗದು ಕೊಟ್ಟಿದ್ದರಂತೆ. ಆಮೇಲೆ ಅದೇ ರೂಢಿಯಾಯಿತು. ಬಿಳಿ ಕವರು, ಬಾಯಿ ಅಂಟಿಸದೆ ಸುಮ್ನೆ ಮಡಚಿದ್ದು. ಮೂಲೆಯಲ್ಲಿ ಪೆನ್ಸಿಲಿನಿಂದ ಚಿಕ್ಕದಾಗಿ ಕಂತಿನ ಸಂಖ್ಯೆ: 4, 5, 6. "ಎಣಿಸಿಕೊಳ್ಳಿ" ಅನ್ನುತ್ತಿದ್ದರು. ಅವರ ಎದುರಿಗೆ ಎಣಿಸುವುದು ಹೇಗೆ? "ಅಯ್ಯೋ ಬಿಡಿ" ಅಂತ ಜೇಬಿಗೆ ಹಾಕಿಕೊಳ್ಳುತ್ತಿದ್ದೆ. ಮನೆಗೆ ಬಂದು ದುಡ್ಡು ಪರ್ಸಿಗೆ, ಕವರು ಕಸದ ಬುಟ್ಟಿಗೆ. ನೆನಪಾದರೆ ರಾತ್ರಿ ಡೈರಿಯಲ್ಲಿ ಒಂದು ಗೆರೆ. ಅವರ ಲೆಕ್ಕ ಕವರಿನ ಮೇಲೆ ಇತ್ತು, ಅದನ್ನು ನಾನೇ ಎಸೆಯುತ್ತಿದ್ದೆ. ನನ್ನ ಲೆಕ್ಕ ನನ್ನ ಡೈರಿಯಲ್ಲಿತ್ತು, ಅದನ್ನು ಅವರು ಒಂದು ಸಲವೂ ನೋಡಿರಲಿಲ್ಲ.

ಈ ನಡುವೆ ನನಗೆ ಒಂದು ಕೆಟ್ಟ ಚಾಳಿ ಹತ್ತಿತು. ಹೇಳಲು ನಾಚಿಕೆ. ಅವರ ಮನೆಗೆ ಹೊಸ ವಾಷಿಂಗ್ ಮಷೀನ್ ಬಂತು. ಡಬ್ಬ ಮೆಟ್ಟಿಲ ಹತ್ತಿರ ಬಿದ್ದಿತ್ತು. ಅದರ ಮೇಲಿನ ಮಾಡೆಲ್ ನಂಬರ್ ನೋಡಿ ಫೋನಿನಲ್ಲಿ ರೇಟು ಹುಡುಕಿದೆ. ಎಷ್ಟು ಕಂತಿಗೆ ಸಮ ಅಂತ ಲೆಕ್ಕ ಹಾಕಿದೆ. ಅವರು ಒಂದು ದಿನವೂ ತಡ ಮಾಡಿರಲಿಲ್ಲ, ಆದರೂ ಹಾಕಿದೆ. ಸಾಲ ಕೊಟ್ಟ ದಿನದಿಂದ ಅವರ ಖರ್ಚೆಲ್ಲ ನನ್ನ ದುಡ್ಡಿನದೇ ಅನ್ನುವ ಹಾಗೆ ಕಾಣಲು ಶುರುವಾಗಿತ್ತು.

ತಕರಾರು ಬಂದಿದ್ದು 8ನೇ ಕಂತಿಗೆ. ಒಂದು ಸಂಜೆ ಕವರು ಕೊಟ್ಟು "ಇದು 9, ಇನ್ನೊಂದು ಬಾಕಿ" ಅಂದರು. ನನ್ನ ಡೈರಿಯಲ್ಲಿ 7 ಗೆರೆ ಇತ್ತು.

"ಇದು 8 ಅಲ್ವಾ?" ಅಂದೆ.

"ಇಲ್ಲ, 8 ಹೋದ ತಿಂಗಳು ಕೊಟ್ಟೆನಲ್ಲ. ಭಾನುವಾರ ಬೆಳಿಗ್ಗೆ, ಮೆಟ್ಟಿಲ ಮೇಲೆ. ನೀವು ಫೋನಲ್ಲಿ ಮಾತಾಡ್ತಿದ್ರಿ. ಕೈಸನ್ನೆ ಮಾಡಿ ಇಸ್ಕೊಂಡ್ರಿ."

ನನಗೆ ನೆನಪಿರಲಿಲ್ಲ. ಆದರೆ ಭಾನುವಾರ ಬೆಳಿಗ್ಗೆ ಮೆಟ್ಟಿಲ ಮೇಲೆ ನಿಂತು ಫೋನಲ್ಲಿ ಮಾತಾಡುವುದು ನನ್ನ ಅಭ್ಯಾಸ, ಅದು ನಿಜ. ಅವರು ಹಾಗೆ ಸುಳ್ಳು ಕಟ್ಟುವವರಲ್ಲ, ಅದೂ ನಿಜ. ನಾನೂ ಸುಳ್ಳು ಹೇಳುತ್ತಿರಲಿಲ್ಲ.

ಒಂದು ವಾರ ಹುಡುಕಿದೆ. ಪ್ಯಾಂಟು, ಬ್ಯಾಗು, ಬಿಲ್ಲಿನ ಫೈಲು ಎಲ್ಲ ಆಯಿತು. "ಒಂದು ವೇಳೆ ನಿನ್ನ ಕೈಗೆ ಕೊಟ್ಟರಾ?" ಅಂತ ಹೆಂಡತಿಯನ್ನು ಕೇಳಿದ್ದಕ್ಕೆ ಅಲ್ಲೊಂದು ಜಗಳವೂ ಆಯಿತು. ಆಮೇಲೆ ಒಂದು ಉಪಾಯ ಹೊಳೆಯಿತು. ಕವರು ಬಂದ ತಿಂಗಳುಗಳಲ್ಲಿ ನಾನು ಎಟಿಎಂಗೆ ಹೋಗುವುದು ಕಡಿಮೆಯಾಗುತ್ತಿತ್ತು, ಯಾಕೆಂದರೆ ಆ ದುಡ್ಡೇ ಮನೆ ಖರ್ಚಿಗೆ ಆಗುತ್ತಿತ್ತು. ಹಾಗಾದರೆ ಆ ತಿಂಗಳು ಎಷ್ಟು ತೆಗೆದಿದ್ದೆ? ಸ್ಟೇಟ್‌ಮೆಂಟ್ ತೆಗೆದು ಪೆನ್ನು ಹಿಡಿದು ಕೂತೆ. ಮಾಮೂಲಿಗಿಂತ ಕಮ್ಮಿ ತೆಗೆದಿದ್ದೆ. ಆದರೆ ಒಂದು ಪೂರ್ತಿ ಕಂತಿನಷ್ಟು ಕಮ್ಮಿಯಲ್ಲ. ಅದೂ ಅಲ್ಲದೆ ಆ ತಿಂಗಳು 10 ದಿನ ನಾವು ಊರಲ್ಲೇ ಇರಲಿಲ್ಲ. ಲೆಕ್ಕ ಇತ್ತಲೂ ಬೀಳಲಿಲ್ಲ, ಅತ್ತಲೂ ಬೀಳಲಿಲ್ಲ. ಆ ಕವರು ನನ್ನ ಕೈಗೆ ಬಂದಿತ್ತೋ ಇಲ್ಲವೋ, ಇವತ್ತಿಗೂ ನನಗೆ ಗೊತ್ತಿಲ್ಲ.

ಅಲ್ಲಿಗೆ ಹೋಗಿ "ನನಗೆ ಖಚಿತವಿಲ್ಲ, ನನ್ನ ಲೆಕ್ಕ ಸರಿಯಿರಲಿಲ್ಲ" ಅಂದಿದ್ದರೆ ಮುಗಿಯುತ್ತಿತ್ತು. ನಾನು ಹೇಳಿದ್ದು ಬೇರೆ. "ಹೋಗಲಿ ಬಿಡಿ, ಒಂದು ಕಂತು ತಾನೆ? ನಾನೇ ಬಿಟ್ಟೆ."

ನನ್ನ ಮಟ್ಟಿಗೆ ಅದು ಉದಾರತನ. ಅವರಿಗೆ ಕೇಳಿಸಿದ್ದು: ನೀವು ಕೊಟ್ಟಿಲ್ಲ, ಆದರೂ ಕ್ಷಮಿಸಿದ್ದೇನೆ. ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದರು. "ಬಿಡೋಕೆ ಅದು ಬಾಕಿ ಇದ್ರೆ ತಾನೆ?" ಅಂದರು. ದನಿ ಏರಿಸಲಿಲ್ಲ. ಏರಿಸಿದ್ದರೆ ಜಗಳವಾಡಿ ರಾಜಿಯಾದರೂ ಆಗಬಹುದಿತ್ತೇನೋ.

ಮಾರನೇ ದಿನ ಬೆಳಿಗ್ಗೆ ಖಾತೆಗೆ ದುಡ್ಡು ಬಂತು. ಜೊತೆಗೆ ಒಂದು ಟಿಪ್ಪಣಿ: "8ನೇ ಕಂತು, ಎರಡನೇ ಸಲ." ನಾನು ತಕ್ಷಣ ವಾಪಸ್ ಕಳಿಸಿದೆ. ಅರ್ಧ ಗಂಟೆಯಲ್ಲಿ ಮತ್ತೆ ಬಂತು. ಮತ್ತೆ ಕಳಿಸಿದೆ, ಮತ್ತೆ ಬಂತು. ಆ ದಿನದ ಸ್ಟೇಟ್‌ಮೆಂಟ್ ಯಾರಾದರೂ ನೋಡಿದರೆ ಏನೋ ಕಳ್ಳ ವ್ಯವಹಾರ ಅಂದುಕೊಳ್ಳಬೇಕು. ಕೊನೆಗೆ ನಾನೇ ಸುಮ್ಮನಾದೆ. ಆ ದುಡ್ಡು ನನ್ನ ಬಳಿಯೇ ಉಳಿಯಿತು. 10ನೆಯದು ತಾರೀಖಿಗೆ ಸರಿಯಾಗಿ ಬ್ಯಾಂಕಿನ ಮೂಲಕ ಬಂತು, ಟಿಪ್ಪಣಿ ಇಲ್ಲದೆ.

ಅದಾದ ಮೇಲೂ ಎರಡು ಸಲ ಸಾಲ ಕೊಟ್ಟಿದ್ದೇನೆ. ಕೊಡುವುದನ್ನೇ ಬಿಟ್ಟುಬಿಡು ಅಂತ ಹೆಂಡತಿ ಹೇಳಿದಳು, ಅದು ನನ್ನಿಂದಾಗದು. ಆದರೆ ಈಗ ಹಾಳೆ ನಾನೇ ತರುತ್ತೇನೆ. ಎಷ್ಟು ಅಂತ ಅಂಕಿಯಲ್ಲೂ ಅಕ್ಷರದಲ್ಲೂ, ಯಾವ ತಾರೀಖು, ಬಡ್ಡಿ ಇದೆಯೋ ಇಲ್ಲವೋ, ಎಷ್ಟು ಕಂತು. ಎರಡು ಪ್ರತಿ, ಎರಡರಲ್ಲೂ ಇಬ್ಬರ ಸಹಿ. ಎದುರಿಗಿರುವವರಿಗೆ ಮುಜುಗರವಾದರೆ "ನನಗೆ ಮರೆವು ಜಾಸ್ತಿ" ಅನ್ನುತ್ತೇನೆ. ಸುಳ್ಳೇನಲ್ಲ. ನಗದು ಕೊಟ್ಟರೆ ಅವರು ಅಲ್ಲಿಂದ ಹೊರಡುವ ಮೊದಲೇ ಎಣಿಸಿ, "ಇಂಥ ಕಂತು ಬಂತು, ಇನ್ನು ಇಷ್ಟು ಬಾಕಿ" ಅಂತ ಅವರ ಎದುರಿಗೇ ಮೆಸೇಜ್ ಕಳಿಸುತ್ತೇನೆ. ಅವರು "ಸರಿ" ಅಂತ ಉತ್ತರಿಸಿದರೆ ಇಬ್ಬರ ಲೆಕ್ಕವೂ ಒಂದೇ ಕಡೆ ಇದ್ದಂತೆ. ಠೇವಣಿ ಮುರಿಸಿ ಕೊಡುವುದಿಲ್ಲ. ಕೊಡಲೇಬೇಕಾಗಿ ಬಂದರೆ ಮುರಿಸಿದೆ ಅಂತ ಹೇಳಿಯೇ ಕೊಡುತ್ತೇನೆ. ಬೇರೆಯವರ ಸಾಲಕ್ಕೆ ಜಾಮೀನು ಸಹಿ ಮಾತ್ರ ಹಾಕುವುದಿಲ್ಲ. ಅವರು ಕಟ್ಟದಿದ್ದರೆ ಆ ಸಾಲ ನನ್ನ ತಲೆಗೇ ಬರುತ್ತದೆ, ಅಷ್ಟು ಎದೆ ನನಗಿಲ್ಲ.

ಕೀ ವಾಪಸ್ ಹೋದ ದಿನದ ವಿಷಯ ಹೇಳಿಲ್ಲ. 10ನೇ ಕಂತು ಬಂದ ವಾರವೇ ಅವರ ಮಗಳು ಬೆಲ್ ಮಾಡಿದಳು. ಅವಳಿಗೆ ಬೆಲ್ ಮಾಡುವ ಅಭ್ಯಾಸವಿರಲಿಲ್ಲ, ಬಾಗಿಲು ತಳ್ಳಿಕೊಂಡೇ ಬರುತ್ತಿದ್ದಳು. ಕೈಯಲ್ಲಿ ಒಂದು ಬಿಳಿ ಕವರು. ಒಳಗೆ ನಮ್ಮ ಮನೆಯ ಬೀಗದ ಕೈ. ಮೂಲೆಯಲ್ಲಿ ಪೆನ್ಸಿಲಿನಿಂದ ಚಿಕ್ಕದಾಗಿ "ಕೀ 1" ಅಂತ ಬರೆದಿತ್ತು.

ಮೊಳೆಯಿಂದ ಅವರ ಕೀ ತೆಗೆದು ಕೊಟ್ಟೆ. ಅವಳು ಅಲ್ಲೇ ನಿಂತಿದ್ದಳು.

"ಇನ್ನೇನಮ್ಮ?"

ನೆಲ ನೋಡುತ್ತಾ ಹೇಳಿದಳು: "ಅಂಕಲ್, ಕೀ ಬಂತು ಅಂತ ಅಪ್ಪಂಗೆ ಒಂದು ಮೆಸೇಜ್ ಹಾಕ್ಬೇಕಂತೆ."